ಚುಕ್ಕಿ ಇಟ್ಟವರ ಹೆಸರು

ಜನಗಢ್ ಸಿಂಗ್ ಶ್ಯಾಮ್ ಎಂಬ ಹೆಸರು ಕೇಳದವರೂ ಅವರ ಜಿಂಕೆಯನ್ನು ನೋಡಿರುತ್ತಾರೆ. ಅದರ ಕೊಂಬು ಮೇಲಕ್ಕೆ ಹೋಗ್ತಾ ಹೋಗ್ತಾ ಮರದ ಕೊಂಬೆಯಾಗಿಬಿಡುತ್ತದೆ. ಕೊಂಬೆಯ ಮೇಲೆ ಹಕ್ಕಿ. ಮೈತುಂಬ ಸಾಸಿವೆ ಚೆಲ್ಲಿದ ಹಾಗೆ ಚುಕ್ಕಿ. ಈಗ ಈ ಜಿಂಕೆ ಕ್ಯಾಲೆಂಡರಿನಲ್ಲಿದೆ, ದಿಂಬಿನ ಚೀಲದ ಮೇಲಿದೆ, ಕಾಫಿ ಬಟ್ಟಲಿನ ಮೇಲಿದೆ. ಬರೆದವರು ಯಾರೋ, ಎಲ್ಲಿಯವರೋ. ಆದರೆ ಕೆಳಗೆ ಒಂದು ಸಾಲು ಮಾತ್ರ ತಪ್ಪದೆ ಇರುತ್ತದೆ: ಗೊಂಡ ಬುಡಕಟ್ಟಿನ ಪ್ರಾಚೀನ ಕಲೆ.

ಸುಳ್ಳು ಇರುವುದು ಆ 'ಪ್ರಾಚೀನ' ಎಂಬ ಮಾತಿನಲ್ಲಿ. ಗೊಂಡರ ಮನೆಗಳ ಗೋಡೆಯಲ್ಲಿ ಮಣ್ಣಿನ ಉಬ್ಬುಚಿತ್ರ ಹಿಂದಿನಿಂದ ಇತ್ತು, ನೆಲ ಗೋಡೆಗಳ ಮೇಲೆ ಹೆಂಗಸರು ಬಳಿಯುವ ಡಿಗ್ನಾ ಎಂಬ ವಿನ್ಯಾಸವೂ ಇತ್ತು, ನಿಜ. ಆದರೆ ಕಾಗದದ ಮೇಲೆ, ಕ್ಯಾನ್ವಾಸಿನ ಮೇಲೆ, ಚುಕ್ಕಿಯಿಂದಲೂ ಸಣ್ಣ ಗೆರೆಯಿಂದಲೂ ಮೈ ತುಂಬಿಕೊಂಡು ನಿಲ್ಲುವ ಈ ಹುಲಿ, ಈ ಮೊಸಳೆ, ಈ ದೇವರುಗಳು ಒಬ್ಬ ಮನುಷ್ಯ 1981ರಿಂದ ಈಚೆಗೆ ಭೋಪಾಲದಲ್ಲಿ ಕೂತು ಕಟ್ಟಿದ ಶೈಲಿ. ಹಿಂದಿ ಲೇಖಕ ಉದಯನ್ ವಾಜಪೇಯಿ ಇದಕ್ಕೆ ಸರಿಯಾದ ಹೆಸರು ಕೊಟ್ಟರು: ಜನಗಢ್ ಕಲಮ್. ಮೊಗಲ್ ಕಲಮ್, ಪಹಾಡಿ ಕಲಮ್ ಅಂದ ಹಾಗೆ. ಮಾರುಕಟ್ಟೆಗೆ ಈ ಹೆಸರು ಬೇಡವಾಯಿತು. 2023ರಲ್ಲಿ ಮಧ್ಯಪ್ರದೇಶದ ಗೊಂಡ ಚಿತ್ರಕ್ಕೆ ಭೌಗೋಳಿಕ ಗುರುತಿನ ಮುದ್ರೆ ಬಿತ್ತು. ಅದರಿಂದ ಬರೆಯುವವರ ಕೈಗೆ ನಾಲ್ಕು ಕಾಸು ಹೆಚ್ಚು ಬಂದರೆ ಬೇಡ ಅನ್ನುವವರು ಯಾರು? ಆದರೆ ಆ ಮುದ್ರೆಯಲ್ಲಿ ಪ್ರದೇಶಕ್ಕೆ ಜಾಗ ಇದೆ, ಜನಾಂಗಕ್ಕೆ ಜಾಗ ಇದೆ, ಮನುಷ್ಯನಿಗಿಲ್ಲ.

ಕಲೆಯನ್ನು ಪ್ರಾಚೀನ ಅಂದುಬಿಟ್ಟರೆ ಒಂದು ದೊಡ್ಡ ಅನುಕೂಲ ಇದೆ, ಗೆಳೆಯರೆ. ಅದು ಯಾರದೂ ಅಲ್ಲ ಅಂತಾಗುತ್ತದೆ. ಯಾರದೂ ಅಲ್ಲದ್ದನ್ನು ಯಾರು ಬೇಕಾದರೂ ಹೊತ್ತುಕೊಂಡು ಹೋಗಬಹುದು. ನಮ್ಮಲ್ಲೇ ಜಾನಪದ ಸಂಗ್ರಹ ಅಂತ ಹಟ್ಟಿ ಹಟ್ಟಿ ತಿರುಗಿ, ಮುದುಕಿಯರಿಂದ ರಾತ್ರಿಯೆಲ್ಲಾ ಹಾಡಿಸಿಕೊಂಡು ಬಂದು, ರಟ್ಟಿನ ಮೇಲೆ ತಮ್ಮ ಹೆಸರು ಹಾಕಿಕೊಂಡು, ಹಾಡಿದವಳ ಹೆಸರನ್ನು ಕೊನೆಯ ಪುಟದಲ್ಲೂ ಹಾಕದೆ ಡಾಕ್ಟರೇಟು ಗಿಟ್ಟಿಸಿದ ಮಹಾಶಯರು ಕಡಿಮೆಯೇ? ಹಾಡಿದ್ದು 'ಜನಪದ', ಬರೆದದ್ದು 'ಬುಡಕಟ್ಟು', ಸಂಪಾದಿಸಿದ್ದು ಮಾತ್ರ ಇಂಥವರು ಎಂಬುದು ಈ ದೇಶದ ಪುರೋಹಿತಶಾಹಿ ಲೆಕ್ಕ. ಜನಗಢ್ ಅವರ ಬದುಕು ಮತ್ತು ಕೆಲಸವನ್ನು ನೋಡಬೇಕಾದದ್ದು ಈ ಲೆಕ್ಕದ ಎದುರಿಗೆ ಇಟ್ಟುಕೊಂಡು. (ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ರವಿವರ್ಮ 'ಅವರು', ಹುಸೇನ್ 'ಅವರು', ಬುಡಕಟ್ಟಿನ ಚಿತ್ರಗಾರ ಬಂದ ಕೂಡಲೆ 'ಅವನು' ಅಂತ ಬರೆಯುವ ಚಾಳಿ ನಮ್ಮ ಪತ್ರಿಕೆಗಳಿಗಿದೆ. ಪ್ರೀತಿಯಿಂದ ಅಂತಾರೆ. ಅಂಥ ಪ್ರೀತಿಯ ಏಕವಚನವನ್ನು ನಮ್ಮ ಅಪ್ಪಂದಿರು ಗೌಡರ ಜಗಲಿಯ ಕೆಳಗೆ ನಿಂತು ಸಾಕಷ್ಟು ಕೇಳಿದ್ದಾರೆ.)

ಜನಗಢ್ ಹುಟ್ಟಿದ್ದು 1960ರ ದಶಕದ ಮೊದಲ ವರ್ಷಗಳಲ್ಲಿ, ನರ್ಮದೆಯ ಮೇಲುಭಾಗದ ಪಾಟನ್‌ಗಢ ಎಂಬ ಹಳ್ಳಿಯಲ್ಲಿ. ಆಗ ಅದು ಮಾಂಡ್ಲಾ ಜಿಲ್ಲೆ, ಈಗ ಡಿಂಡೋರಿ. ಜನಗಣತಿಯವರು ಊರಿಗೆ ಬಂದಿದ್ದ ಕಾಲದಲ್ಲಿ ಹುಟ್ಟಿದ ಕೂಸು ಅಂತ ಆ ಹೆಸರಿಟ್ಟರೆಂದು ಹೇಳ್ತಾರೆ. ಅವರು ಗೊಂಡರಲ್ಲಿ ಪರಧಾನ್ ಎಂಬ ಪಂಗಡದವರು. ಪರಧಾನರು ಹಾಡುಗಾರರು. ನಮ್ಮ ಕಡೆ ಹೆಳವರು ಒಕ್ಕಲಿನ ಮನೆಗೆ ಬಂದು ವಂಶಾವಳಿ ಹೇಳಿ ದವಸ ಇಸಕೊಂಡು ಹೋಗುವ ಹಾಗೆ, ಪರಧಾನರು ಗೊಂಡ ಯಜಮಾನರ ಮನೆಗಳಿಗೆ ಹೋಗಿ, ಬಾನಾ ಎಂಬ ಮೂರು ತಂತಿಯ ವಾದ್ಯ ನುಡಿಸುತ್ತಾ ಬಡಾ ದೇವನನ್ನು ಎಬ್ಬಿಸುತ್ತಿದ್ದರು, ರಾಜರ ಕತೆ ಹಾಡುತ್ತಿದ್ದರು. ಪ್ರತಿಯಾಗಿ ಕಾಳು, ಬಟ್ಟೆ, ಕೆಲವು ಸಲ ದನ. ಬಡಾ ದೇವ ಇರುವುದು ಸಾಜಾ ಮರದಲ್ಲಿ, ಅಂದ್ರೆ ನಮ್ಮ ಮತ್ತಿ ಮರದಲ್ಲಿ. ಬಾನಾ ಮಿಡಿದರೆ ದೇವರು ಏಳುತ್ತಾನೆ. ಆದರೆ ಮಿಡಿದವನು ದಾನ ತೆಗೆದುಕೊಳ್ಳುವವನು. ಆದ್ದರಿಂದ ಒಂದು ಮೆಟ್ಟಿಲು ಕೆಳಗೆ. ಬುಡಕಟ್ಟು ಅಂದರೆ ಮೇಲು ಕೀಳು ಇಲ್ಲದ ಸ್ವರ್ಗ ಅಂತ ತಿಳಿದ ಕವಿಗಳು ಇಲ್ಲಿ ಒಂದು ಗಳಿಗೆ ನಿಂತು ನೋಡಬೇಕು.

ಗೊಂಡ ಅರಸೊತ್ತಿಗೆಗಳು ಹೋದವು. ಕಾಡು ಇಲಾಖೆಯ ಕೈಗೆ ಹೋಯಿತು. ಯಜಮಾನರೇ ಕೂಲಿಗಳಾದ ಮೇಲೆ ಹಾಡುಗಾರನಿಗೆ ಕಾಳು ಅಳೆಯುವವರು ಯಾರು? ಜನಗಢ್ ಹುಟ್ಟುವ ಹೊತ್ತಿಗೆ ಬಾನಾ ಮನೆಯ ಮೂಲೆ ಸೇರುತ್ತಾ ಇತ್ತು. ಬಡತನದಿಂದ ಸ್ಕೂಲು ಬಿಟ್ಟರು. ಎಮ್ಮೆ ಮೇಯಿಸಿದರು, ಹಾಲು ಮಾರಿದರು. ಹದಿಹರೆಯದಲ್ಲೇ ಸೋನ್‌ಪುರದ ನನ್ಕುಸಿಯಾ ಅವರೊಂದಿಗೆ ಮದುವೆ.

ಪಾಟನ್‌ಗಢ ಯಾರೂ ಕಾಣದ ಕಾಡುಮೂಲೆ ಆಗಿರಲಿಲ್ಲ ಎಂಬುದನ್ನೂ ನೆನಪಿಡಬೇಕು. 1940ರ ದಶಕದಲ್ಲಿ ವೆರಿಯರ್ ಎಲ್ವಿನ್ ಆ ಊರಿನಲ್ಲಿ ಮನೆ ಮಾಡಿಕೊಂಡಿದ್ದರು. ಅವರ ಸಂಗಾತಿ ಶಾಮರಾವ್ ಹಿವಾಳೆ ಪರಧಾನರ ಬಗ್ಗೆಯೇ ಒಂದು ಪುಸ್ತಕ ಬರೆದು 1946ರಲ್ಲಿ ಪ್ರಕಟಿಸಿದರು. ಹಾಗಾಗಿ 1981ರಲ್ಲಿ ಭೋಪಾಲದಿಂದ ಬಂದವರು ಈ ಊರನ್ನು 'ಕಂಡುಹಿಡಿದರು' ಅನ್ನುವುದು ಕೊಲಂಬಸ್ ಅಮೆರಿಕ ಕಂಡುಹಿಡಿದ ಹಾಗೆ.

ಬಂದವರು ಯಾರು? ಭೋಪಾಲದಲ್ಲಿ ಭಾರತ ಭವನ ಎಂಬ ದೊಡ್ಡ ಕಲಾಸಂಸ್ಥೆ ಏಳುತ್ತಾ ಇತ್ತು. ಅದರ ಹಿಂದೆ ಅಶೋಕ್ ವಾಜಪೇಯಿ, ಕಟ್ಟಡ ಚಾರ್ಲ್ಸ್ ಕೊರಿಯಾ ಅವರದು. ಕಲಾ ಸಂಗ್ರಹಾಲಯದ ಹೊಣೆ ಚಿತ್ರಕಾರ ಜೆ. ಸ್ವಾಮಿನಾಥನ್ ಅವರ ಮೇಲಿತ್ತು. ಸ್ವಾಮಿನಾಥನ್ ಒಂದು ಕಾಲಕ್ಕೆ ಕಮ್ಯುನಿಸ್ಟ್ ಪಕ್ಷದಲ್ಲಿ ದುಡಿದವರು. ಅವರು ಯುವ ಕಲಾವಿದರ ತಂಡಗಳನ್ನು ಮಧ್ಯಪ್ರದೇಶದ ಹಳ್ಳಿಗಳಿಗೆ ಅಟ್ಟಿದರು. ಪಾಟನ್‌ಗಢಕ್ಕೆ ಹೋದ ತಂಡಕ್ಕೆ ಒಂದು ಮನೆಯ ಗೋಡೆಯ ಮೇಲೆ ಬರೆದ ಹನುಮಂತ ಕಾಣಿಸಿದ. ಬರೆದವರು ಜನಗಢ್. ಶುದ್ಧ ಆದಿವಾಸಿ ಕಲೆ ಹುಡುಕಿಕೊಂಡು ಹೋದವರ ಕಣ್ಣಿಗೆ ಮೊದಲು ಬಿದ್ದದ್ದು ಹನುಮಂತ ಎಂಬುದು ನನಗೆ ತುಂಬಾ ಇಷ್ಟದ ಸಂಗತಿ. ಆ ಹುಡುಗ ಯಾವ ಶುದ್ಧಿಯನ್ನೂ ಕಾಯ್ದುಕೊಂಡು ಕೂತಿರಲಿಲ್ಲ. ಗೋಡೆ ಇತ್ತು, ಬಣ್ಣದ ಮಣ್ಣು ಇತ್ತು, ಬರೆದರು, ಅಷ್ಟೇ.

1982ರ ಫೆಬ್ರುವರಿಯಲ್ಲಿ ಭಾರತ ಭವನ ಬಾಗಿಲು ತೆರೆಯಿತು. ಜನಗಢ್ ಅವರ ಚಿತ್ರಗಳು ಅಲ್ಲಿ ತೂಗಿದವು. ಆಮೇಲೆ ಅದೇ ಸಂಸ್ಥೆಯ ಗ್ರಾಫಿಕ್ ವಿಭಾಗದಲ್ಲಿ ಅವರಿಗೆ ಕೆಲಸ ಸಿಕ್ಕಿತು. ಸ್ವಾಮಿನಾಥನ್ ಮಾಡಿದ ದೊಡ್ಡ ಕೆಲಸ ಒಂದುಂಟು: ಪಟ್ಟಣದ ಆಧುನಿಕರ ಚಿತ್ರವನ್ನೂ ಆದಿವಾಸಿಗಳ ಚಿತ್ರವನ್ನೂ ಒಂದೇ ಸೂರಿನ ಕೆಳಗೆ ತಂದು, ಇವರಿಬ್ಬರೂ ಒಂದೇ ಕಾಲದವರು ಅಂದರು. ಇದು ಸಣ್ಣ ಮಾತಲ್ಲ. ಅಲ್ಲಿಯವರೆಗೆ ಆದಿವಾಸಿಯ ಕೈಕೆಲಸಕ್ಕೆ ಜಾಗ ಇದ್ದದ್ದು ಕರಕುಶಲ ಮಳಿಗೆಯಲ್ಲಿ, ಇಲ್ಲವೇ ಮಾನವಶಾಸ್ತ್ರದ ಗಾಜಿನ ಪೆಟ್ಟಿಗೆಯಲ್ಲಿ, ಬಾಣ ಬಿಲ್ಲುಗಳ ಪಕ್ಕ. ಆದರೆ ಅವರು 1987ರಲ್ಲಿ ತಂದ ಪುಸ್ತಕದ ಹೆಸರು ನೋಡಿ: 'ಗ್ರಹಿಸುವ ಬೆರಳುಗಳು' ಎಂಬ ಅರ್ಥದ ಹೆಸರು. ಸ್ವಾಮಿನಾಥನ್ ಏನೇ ಉದ್ದೇಶಿಸಿರಲಿ, ಅವರ ಬೆನ್ನಿಗೆ ಬಂದ ವಿಮರ್ಶಕರು ಹಿಡಿದುಕೊಂಡದ್ದು ಬೆರಳನ್ನು ಮಾತ್ರ. ಬೆರಳಿಗೆ ಗ್ರಹಿಕೆ ಇದೆ ಅಂತ ಕೊಂಡಾಡಿದವರು ತಲೆಗೂ ಇದೆ ಅನ್ನಲು ಯಾಕೆ ಹಿಂಜರಿದರು? ಮುಗ್ಧ, ಸಹಜ, ಕಾಡಿನ ಕೂಸು, ಕೈಗೆ ತಾನಾಗಿ ಬಂದದ್ದು! ಕೆಳಗಿನವನು ಚೆನ್ನಾಗಿ ಮಾಡಿದರೆ ಅದು ದೇವರ ವರ, ಮೇಲಿನವನು ಮಾಡಿದರೆ ಸಾಧನೆ.

ಈಗ ಚಿತ್ರಗಳನ್ನೇ ನೋಡೋಣ. ಜನಗಢ್ ತಲೆಯಿಂದ ಮಾಡಿದ ಕೆಲಸ ಯಾವುದು ಅಂತ ಅಲ್ಲಿ ಕಾಣುತ್ತದೆ.

ಮೊದಲನೆಯದು, ದೇವರಿಗೆ ಮುಖ ಬರೆದದ್ದು. ಬಡಾ ದೇವನಿಗೆ ವಿಗ್ರಹ ಇರಲಿಲ್ಲ. ಮರದ ಬುಡ, ಕಲ್ಲು, ಹಾಡು, ಇಷ್ಟೇ. ಠಾಕುರ್ ದೇವ, ಫುಲ್ವಾರಿ ದೇವಿ ಇವರೆಲ್ಲ ಪರಧಾನರ ಬಾಯಲ್ಲಿದ್ದರು, ಮೈಮೇಲೆ ಬಂದವರ ಕುಣಿತದಲ್ಲಿದ್ದರು. ಯಾರೂ ಅವರ ಕಣ್ಣು ಮೂಗು ಕಂಡವರಿಲ್ಲ. ಕಿವಿಯಲ್ಲಿದ್ದದ್ದನ್ನು ಜನಗಢ್ ಕಣ್ಣಿಗೆ ತಂದರು. ಇದನ್ನು ಸಲೀಸು ಅಂದುಕೊಳ್ಳಬಾರದು. ಹಿಂದಿನವರು ಹಾಕಿಕೊಟ್ಟ ಮಾದರಿ ಇಲ್ಲ. ತಪ್ಪಿದರೆ ತನ್ನ ಜನರೇ ಹೌಹಾರುತ್ತಾರೆ. ಶಿವನನ್ನು ಬರೆಯುವವನಿಗೆ ಸಾವಿರ ವರ್ಷದ ಶಿಲ್ಪಶಾಸ್ತ್ರ ಇದೆ, ಚಂದ್ರ ಎಲ್ಲಿ, ಗಂಗೆ ಎಲ್ಲಿ ಅಂತ ಹೇಳಿಕೊಡುತ್ತದೆ. ಇವರಿಗೆ ಅಂಥದೇನೂ ಇರಲಿಲ್ಲ. ಆ ದೇವರುಗಳು ನೋಡುವುದಕ್ಕೆ ಹೇಗಿದ್ದಾರೆ ಅಂದರೆ, ಅರ್ಧ ಮನುಷ್ಯ ಅರ್ಧ ಗಿಡ. ಕೈ ಬೆರಳು ಬೇರಾಗುತ್ತದೆ, ಜಡೆ ಗಾಳಿಯಾಗುತ್ತದೆ. ನಮ್ಮ ವಿಮರ್ಶೆಯ ಭಾಷೆಯಲ್ಲಿ ಇದನ್ನು ಕಲ್ಪನಾವಿಲಾಸ ಅನ್ನಬಹುದು, ಇಂಗ್ಲಿಷಿನವರು ಫ್ಯಾಂಟಸಿ ಅಂತಾರೆ. ನನಗೆ ಕಾಣುವುದು ಬೇರೆ. ಹಾಡಿನ ಕಸುಬು ಸತ್ತುಹೋದ ಮನೆಯ ಹುಡುಗ ಅದೇ ಕಸುಬನ್ನು ಇನ್ನೊಂದು ಸಾಧನದಲ್ಲಿ ಮುಂದುವರಿಸಿದ್ದಾನೆ. ಬಾನಾ ಹೋಯಿತು, ಪೆನ್ನು ಬಂತು. ಯಜಮಾನ ಹೋದ, ಸರ್ಕಾರ ಬಂತು. ಕಾಳು ಅಳೆಯುವವರು ಬದಲಾದರು, ಅಳೆಯುವುದು ನಿಲ್ಲಲಿಲ್ಲ.

ಎರಡನೆಯದು ಚುಕ್ಕಿ. ಜನಗಢ್ ಚಿತ್ರದಲ್ಲಿ ಹೊರಗೆರೆ ಒಂದೇ ಉಸಿರಿಗೆ ಎಳೆದದ್ದು; ಒಳಗೆ ಮಾತ್ರ ಸಾವಿರಾರು ಚುಕ್ಕಿ, ಬಾಚಣಿಗೆ ಹಲ್ಲಿನಂಥ ಗೆರೆ, ಸಣ್ಣ ಕೊಂಡಿ. ಬಣ್ಣ ಬಳಿದು ತುಂಬಿದ್ದರೆ ಪ್ರಾಣಿ ನಿಂತುಬಿಡುತ್ತಿತ್ತು. ಚುಕ್ಕಿ ಇಟ್ಟದ್ದರಿಂದ ಅದು ನಡುಗುತ್ತದೆ, ಮೈಯೊಳಗೆ ಏನೋ ಹರಿದಾಡುತ್ತಿದೆ ಅನಿಸುತ್ತದೆ. ಕಪ್ಪು ಮಸಿಯಲ್ಲಿ ಬಿಳಿ ಕಾಗದದ ಮೇಲೆ ಬರೆದ ಚಿತ್ರಗಳಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಸುತ್ತ ಏನೂ ಇಲ್ಲ, ಬೆಟ್ಟ ಇಲ್ಲ, ಆಕಾಶ ಇಲ್ಲ, ನೆಲದ ಗೆರೆಯೂ ಇಲ್ಲ. ಖಾಲಿ ಬಿಳಿಯಲ್ಲಿ ಒಂದು ಪ್ರಾಣಿ. ಅವರ ಬಣ್ಣದ ಪೋಸ್ಟರುಗಳಿಗಿಂತ ಈ ಕಪ್ಪುಬಿಳುಪಿನವನ್ನೇ ನಾನು ಮೇಲೆ ಇಡುತ್ತೇನೆ.

ಈ ಚುಕ್ಕಿ ಗೆರೆಗಳಲ್ಲಿ ಎಷ್ಟೋ ಬಂದದ್ದು ಹಚ್ಚೆಯಿಂದ. ಆ ಸೀಮೆಯ ಗೊಂಡ, ಬೈಗಾ ಹೆಂಗಸರ ತೋಳು, ಕಾಲು, ಬೆನ್ನಿನ ಮೇಲೆ ಸೂಜಿಯಲ್ಲಿ ಚುಚ್ಚಿದ ಗುರುತುಗಳು. ಚುಚ್ಚುವವರೂ ಹೆಂಗಸರೇ. ಇನ್ನು ಸ್ವಲ್ಪ ಬಂದದ್ದು ಡಿಗ್ನಾದಿಂದ, ಅದೂ ಸಗಣಿ ಸಾರಿಸಿ ಬಣ್ಣದ ಮಣ್ಣು ಬಳಿಯುವ ಹೆಂಗಸರ ಕೆಲಸ. ಜನಗಢ್ ಹೆಸರು ಅಳಿಸಿಹೋಗಬಾರದು ಅಂತ ಜಗಳ ತೆಗೆದವರು ಈ ಕಡೆಗೂ ತಿರುಗಿ ನೋಡಬೇಕಲ್ಲ? ಹೆಂಗಸು ನೆಲದ ಮೇಲೆ ಬರೆದದ್ದು ಮಾರನೆ ದಿನ ಕಾಲಿಗೆ ಸಿಕ್ಕಿ ಹೋಗುತ್ತದೆ. ಹೆಂಗಸು ಮೈಮೇಲೆ ಬರೆದದ್ದು ಆ ಮೈಯೊಂದಿಗೆ ಮಣ್ಣಿಗೆ ಹೋಗುತ್ತದೆ. ಗಂಡಸು ಕಾಗದದ ಮೇಲೆ ಬರೆದದ್ದು ಪ್ಯಾರಿಸ್ಸಿಗೆ ಹೋಯಿತು. ಜನಗಢ್ ಮನೆಯಲ್ಲಿ ನನ್ಕುಸಿಯಾ ಅವರೂ ಕುಂಚ ಹಿಡಿದರು, ಗಂಡನ ಚಿತ್ರಗಳಿಗೆ ಕೈ ಸೇರಿಸಿದರು, ತಾವೇ ಚಿತ್ರಗಾರ್ತಿಯಾದರು. ಅವರ ಹೆಸರನ್ನು 'ಜನಗಢ್ ಪತ್ನಿ' ಎಂಬ ವಿಶೇಷಣ ಇಲ್ಲದೆ ಬರೆಯುವವರು ಈಗಲೂ ಕಡಿಮೆ.

ಪ್ರಾಣಿಗಳ ವಿಷಯ ಉಳಿದಿದೆ. ಜನಗಢ್ ಅವರನ್ನು ವನ್ಯಜೀವಿ ಚಿತ್ರಕಾರ ಅಂತ ಕರೆಯುವ ಕ್ಯಾಟಲಾಗುಗಳಿವೆ. ವನ್ಯಜೀವಿ ಅನ್ನುವುದು ಜೀಪಿನಲ್ಲಿ ಕೂತು ಬೈನಾಕ್ಯುಲರ್ ಹಿಡಿದವನ ಪದ. ನಾನು ಇಲ್ಲಿ, ಅದು ಅಲ್ಲಿ. ನಾನು ನೋಡುವವನು, ಅದು ನೋಡಿಸಿಕೊಳ್ಳುವುದು. ಪರಧಾನರ ಸೃಷ್ಟಿಯ ಕತೆ ಕೇಳಿ. ಎಲ್ಲೆಲ್ಲೂ ನೀರು. ಬಡಾ ದೇವ ತನ್ನ ಎದೆಯ ಕೊಳೆ ಉಜ್ಜಿ ಒಂದು ಕಾಗೆ ಮಾಡಿ, ಮಣ್ಣು ಹುಡುಕಿಕೊಂಡು ಬಾ ಅಂತ ಕಳಿಸುತ್ತಾನೆ. ಕಾಗೆ ಹಾರಿ ಹಾರಿ ಸುಸ್ತಾಗಿ ಒಂದು ಏಡಿಯ ಕೊಂಡಿಯ ಮೇಲೆ ಕೂರುತ್ತದೆ. ಏಡಿ ಅದನ್ನು ನೀರಿನ ತಳಕ್ಕೆ ಕರೆದುಕೊಂಡು ಹೋಗುತ್ತದೆ. ಅಲ್ಲಿ ಎರೆಹುಳ ಮಣ್ಣು ನುಂಗಿ ಕೂತಿದೆ. ಹೆದರಿಸಿ ಬೆದರಿಸಿ ಕಕ್ಕಿಸುತ್ತಾರೆ. ಆ ಮಣ್ಣಿನಿಂದ ಭೂಮಿ. ಇಲ್ಲಿ ದೇವರು ಒಬ್ಬನೇ ಬಾಯಿ ತೆರೆದು ಲೋಕ ಆಗಲಿ ಅಂದದ್ದಿಲ್ಲ, ಯಾರ ಮುಖದಿಂದ ಯಾರು ಹುಟ್ಟಿದರು, ಯಾರ ಪಾದದಿಂದ ಯಾರು ಅನ್ನುವ ಗೊಡವೆಯೂ ಇಲ್ಲ. ಕಾಗೆ, ಏಡಿ, ಎರೆಹುಳ, ಈ ಮೂವರ ದುಡಿಮೆಯಿಂದ ನೆಲ ಆಯಿತು. ಇಂಥ ಕತೆ ಕೇಳಿ ಬೆಳೆದವರು ಏಡಿಯನ್ನು ಬರೆದರೆ ಅದು ವನ್ಯಜೀವಿ ಚಿತ್ರ ಹೇಗಾಗುತ್ತದೆ? ಒಬ್ಬ ಹಳೆಯ ಜೊತೆಗಾರನ ಚಿತ್ರ ಅದು. ಜೇಡ, ಹಾವು, ಆಮೆ, ಗೂಬೆ, ಯಾವುದನ್ನೂ ಜನಗಢ್ ಸಣ್ಣದು ಮಾಡಿ ಮೂಲೆಗೆ ಹಾಕುವುದಿಲ್ಲ. ಜೇಡ ಇದ್ದರೆ ಕಾಗದಕ್ಕೆಲ್ಲಾ ಅದೇ ಯಜಮಾನ.

ಈ ಮಾತಿಗೆ ಇನ್ನೊಂದು ಮಗ್ಗುಲಿದೆ. ಅದೇ ಮಾಂಡ್ಲಾ ಸೀಮೆಯಲ್ಲಿ ಕಾನ್ಹಾ ಅಭಯಾರಣ್ಯ ಇದೆ. 1955ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು, 1973ರಲ್ಲಿ ಹುಲಿ ಯೋಜನೆಗೆ ಸೇರಿತು. ಅಲ್ಲಿನ ಬಾರಾಸಿಂಗಾ ಎಂಬ ಕವಲುಕೊಂಬಿನ ಜಿಂಕೆಗಳು 1970ರಲ್ಲಿ ಅರುವತ್ತಾರಕ್ಕೆ ಇಳಿದಿದ್ದವು. ಅವುಗಳನ್ನು ಉಳಿಸಿದರು, ಒಳ್ಳೆಯದೇ ಆಯಿತು. ಆದರೆ ಉಳಿಸುವ ಹೆಸರಿನಲ್ಲಿ ಒಳಗಿದ್ದ ಬೈಗಾ, ಗೊಂಡ ಹಳ್ಳಿಗಳನ್ನು ಒಂದೊಂದಾಗಿ ಎಬ್ಬಿಸಿ ಹೊರಗೆ ಹಾಕಿದರು. ಇನ್ನೊಂದು ಕಡೆ ನರ್ಮದೆಗೆ ಕಟ್ಟಿದ ಬರ್ಗಿ ಅಣೆಕಟ್ಟು 1990ರಲ್ಲಿ ಮುಗಿಯಿತು. ಮಾಂಡ್ಲಾ, ಸಿವನಿ, ಜಬಲ್‌ಪುರ ಜಿಲ್ಲೆಗಳ 162 ಹಳ್ಳಿ ಅದಕ್ಕೆ ಬಲಿ. ಅದರ ಹಿಂದಿನ ವರ್ಷ, 1989ರಲ್ಲಿ, ಜನಗಢ್ ಚಿತ್ರಗಳು ಪ್ಯಾರಿಸ್ಸಿನ ಪಾಂಪಿದು ಕೇಂದ್ರ ನಡೆಸಿದ 'ಭೂಮಿಯ ಮಾಂತ್ರಿಕರು' ಎಂಬ ದೊಡ್ಡ ಪ್ರದರ್ಶನದಲ್ಲಿದ್ದವು. ಲೋಕದ ನಾನಾ ಕಡೆಯ ಕಲಾವಿದರ ಸಾಲಿನಲ್ಲಿ ಪಾಟನ್‌ಗಢದವರೂ ನಿಂತರು. ಭೂಮಿ ಮುಳುಗುತ್ತಾ ಇತ್ತು, ಭೂಮಿಯ ಮಾಂತ್ರಿಕ ಅಂತ ಬಿರುದು ಬಂತು. ಚಿತ್ರದ ಜಿಂಕೆಗೆ ಪ್ಯಾರಿಸ್ಸಿನಲ್ಲಿ ಗೋಡೆ ಸಿಕ್ಕಿತು, ಕಾಡಿನ ಜಿಂಕೆಗೆ ಬೇಲಿ ಸಿಕ್ಕಿತು, ಜಿಂಕೆಯ ಜೊತೆ ಇದ್ದವನಿಗೆ ರಸ್ತೆ ಬದಿ.

ಹಾಗಾದರೆ ಜನಗಢ್ ಚಿತ್ರದಲ್ಲಿ ಈ ಎತ್ತಂಗಡಿ ಇದೆಯೇ? ಇಲ್ಲ. ಬುಲ್ಡೋಜರ್ ಇಲ್ಲ, ಫಾರೆಸ್ಟ್ ಗಾರ್ಡ್ ಇಲ್ಲ, ಮುಳುಗಿದ ಊರಿಲ್ಲ. ಇಲ್ಲಿ ನಮ್ಮ ಕೆಲವು ಗೆಳೆಯರು ಎದ್ದು ನಿಂತು, ಹಾಗಾದರೆ ಇದು ಪಲಾಯನದ ಕಲೆ, ಮಧ್ಯಮವರ್ಗದ ದಿವಾನಖಾನೆಗೆ ಹೊಂದುವ ಕಲೆ ಅಂತಾರೆ. ಅಷ್ಟು ಬೇಗ ತೀರ್ಪು ಕೊಡಬೇಡಿ. ಕಲೆ ಖಡ್ಗವಾಗಬೇಕು ಅಂತ ನಾವು ಹೇಳಿದ್ದು ಸರಿಯೇ. ಆದರೆ ಯಾರ ದೇವರನ್ನು ಕಲ್ಲು ಮಣ್ಣು ಅಂತ ತುಳಿದರೋ, ಯಾರ ಕತೆಯನ್ನು ಮೂಢನಂಬಿಕೆ ಅಂದರೋ, ಯಾರ ಹೆಂಗಸರ ಹಚ್ಚೆಯನ್ನು ನೋಡಿ ನಕ್ಕರೋ, ಅಂಥವನೊಬ್ಬ ಆ ಮೂರನ್ನೂ ರಾಜ್ಯದ ವಿಧಾನ ಭವನದ ಗೋಡೆಯ ಮೇಲೆ ಆಳೆತ್ತರ ಬರೆದಿಟ್ಟ. 1996ರಲ್ಲಿ ಮುಗಿದ ಭೋಪಾಲದ ವಿಧಾನ ಭವನ, ಅದೂ ಚಾರ್ಲ್ಸ್ ಕೊರಿಯಾ ಕಟ್ಟಡ, ಅಲ್ಲಿ ಜನಗಢ್ ಭಿತ್ತಿಚಿತ್ರಗಳಿವೆ. ಒಳಗೆ ಕೂತು ಕಾಡಿನ ಕಾನೂನು ಮಾಡುವವರು ದಿನಾ ಅದರ ಮುಂದೆ ಹಾದುಹೋಗಬೇಕು. ಅವರು ತಲೆ ಎತ್ತಿ ನೋಡ್ತಾರೋ ಇಲ್ಲವೋ ಬೇರೆ ಮಾತು.

ಜನಗಢ್ ಕೆಲಸದಲ್ಲಿ ಸೋತ ಭಾಗಗಳಿಲ್ಲ ಅಂತ ನಾನು ಹೇಳಲಾರೆ. ಬೇಡಿಕೆ ಬಂದಂತೆ ಚಿತ್ರಗಳು ತುಂಬಿಕೊಂಡವು. ಖಾಲಿ ಬಿಳಿ ಹೋಗಿ ಮೂಲೆ ಮೂಲೆಗೂ ಎಲೆ, ಹಕ್ಕಿ. ಒಂದು ಪ್ರಾಣಿ ಇನ್ನೊಂದಾಗಿ ತಿರುಗುವ ಆ ಗಳಿಗೆ ಮೊದಮೊದಲು ಬೆಚ್ಚಿಸುತ್ತಿತ್ತು, ಬರಬರುತ್ತಾ ಅಲಂಕಾರವಾಯಿತು. ಕೊಂಬು ಕೊಂಬೆಯಾಗುವುದು ಮೊದಲ ಸಲ ಕಾಣ್ಕೆ, ನೂರನೆಯ ಸಲ ಅಚ್ಚು. ಅವರನ್ನು ಅನುಸರಿಸಿದ ಎಷ್ಟೋ ಮಂದಿಯಲ್ಲಿ ಈ ಅಚ್ಚೇ ಉಳಿದಿದೆ. ಕೊಳ್ಳುವವನಿಗೆ ಬೇಕಾದದ್ದು ಅದೇ ಜಿಂಕೆ, ಅದೇ ಅಳತೆ. ಹೊಸದು ಬರೆದರೆ ಇದು ಗೊಂಡ ಕಲೆಯ ಹಾಗಿಲ್ಲವಲ್ಲ ಅಂತಾನೆ. ಆಧುನಿಕ ಕಲಾವಿದ ವರ್ಷಕ್ಕೊಂದು ಶೈಲಿ ಬದಲಿಸಿದರೆ ಬೆಳವಣಿಗೆ. ಆದಿವಾಸಿ ಬದಲಿಸಿದರೆ ಕೆಟ್ಟುಹೋದ.

ಆದರೂ ಒಂದು ವಿಷಯಕ್ಕೆ ಜನಗಢ್ ಅವರಿಗೆ ತಲೆಬಾಗಬೇಕು. 1986ರಲ್ಲಿ ಅವರಿಗೆ ಮಧ್ಯಪ್ರದೇಶ ಸರ್ಕಾರದ ಶಿಖರ್ ಸಮ್ಮಾನ್ ಸಿಕ್ಕಿತು. ಹೆಸರು ಬಂದ ಮೇಲೆ ಅವರು ಬಾಗಿಲು ಹಾಕಿಕೊಳ್ಳಲಿಲ್ಲ. ಭೋಪಾಲದ ಪ್ರೊಫೆಸರ್ಸ್ ಕಾಲನಿಯ ಹಿಂದಿನ ಅವರ ಮನೆ ಊರಿನ ನೆಂಟರಿಷ್ಟರಿಗೆಲ್ಲ ತಂಗುದಾಣವಾಯಿತು. ಕೂಲಿ ಹುಡುಕಿ ಬಂದ ಹುಡುಗರಿಗೆ ಪೆನ್ನು ಕೊಟ್ಟು ಚುಕ್ಕಿ ಇಡಲು ಕೂರಿಸಿದರು. ಭಜ್ಜು ಶ್ಯಾಮ್, ವೆಂಕಟ್ ರಾಮನ್ ಸಿಂಗ್ ಶ್ಯಾಮ್, ರಾಮ್ ಸಿಂಗ್ ಉರ್ವೇತಿ, ದುರ್ಗಾಬಾಯಿ ವ್ಯಾಮ್, ಸುಭಾಷ್ ವ್ಯಾಮ್, ಇವರೆಲ್ಲ ಆ ನೆರಳಿನಲ್ಲಿ ಬಂದವರು. ಭಜ್ಜು ಅವರಿಗೆ 2018ರಲ್ಲಿ, ದುರ್ಗಾಬಾಯಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಒಂದು ಪಂಗಡಕ್ಕೇ ಹೊಸ ಕಸುಬು ಕೊಟ್ಟ ಮನುಷ್ಯ. ಈ ದೇಶದಲ್ಲಿ ಕಸುಬು ಹುಟ್ಟಿನಿಂದ ಬರುತ್ತದೆ, ಬದಲಾಗುವುದಿಲ್ಲ ಅಂತ ಸಾವಿರ ವರ್ಷ ಬಾಯಿಪಾಠ ಮಾಡಿಸಿದವರಿಗೆ ಇದಕ್ಕಿಂತ ಉತ್ತರ ಬೇಕೆ?

ಇಷ್ಟೆಲ್ಲಾ ಆದ ಮೇಲೆ ಸಾವಿನ ಮಾತು. 2001ರ ಜುಲೈ 3ರಂದು ಜಪಾನಿನ ನೀಗಾತಾ ಪ್ರಾಂತದ ತೋಕಾಮಾಚಿ ಎಂಬಲ್ಲಿ ಜನಗಢ್ ತೀರಿಕೊಂಡರು. ಅಲ್ಲಿ ಮಿಥಿಲಾ ಮ್ಯೂಸಿಯಂ ಇದೆ. ಭಾರತದ ಚಿತ್ರಗಾರರನ್ನು ಕರೆಸಿಕೊಂಡು, ತಿಂಗಳುಗಟ್ಟಲೆ ಉಳಿಸಿಕೊಂಡು ಚಿತ್ರ ಬರೆಸುವ ಸಂಸ್ಥೆ. ಜನಗಢ್ ಹೋಗಿದ್ದದ್ದು ಹಾಗೆಯೇ. ಆತ್ಮಹತ್ಯೆ ಎಂದು ವರದಿಯಾಯಿತು. ವಯಸ್ಸು ನಲವತ್ತರ ಆಸುಪಾಸು. ಮನೆಗೆ ಬರೆದ ಕಾಗದಗಳಲ್ಲಿ ಊರಿಗೆ ಮರಳುವ ಹಂಬಲ ಇತ್ತೆಂದು ಆಗ ಪತ್ರಿಕೆಗಳು ಬರೆದವು. ಕಲಾವಿದರು ದನಿ ಎತ್ತಿದರು, ವಿಚಾರಣೆ ಆಗಬೇಕೆಂದರು.

ಆ ಹೊತ್ತಿನ ಶ್ರದ್ಧಾಂಜಲಿಗಳಲ್ಲಿ ಪದೇ ಪದೇ ಬಂದ ಮಾತು, ಕಾಡಿನ ಹೂವನ್ನು ಕಿತ್ತು ಬೇರೆ ನೆಲಕ್ಕೆ ಹಾಕಿದರೆ ಬಾಡುತ್ತದೆ ಎಂಬಂಥದ್ದು. ಕೇಳಲು ಚಂದ. ಆದರೆ ಯಾವ ಹೂವು? ಇಪ್ಪತ್ತು ವರ್ಷ ಭೋಪಾಲದಲ್ಲಿ ನೌಕರಿ ಮಾಡಿದವರು, ಹಲವು ದೇಶ ತಿರುಗಿದವರು, ಮಗಳಿಗೆ ಜಪಾನಿ ಅಂತಲೇ ಹೆಸರಿಟ್ಟವರು. ಪರದೇಶ ಕಂಡು ಹೆದರಿದ ಕಾಡುಮನುಷ್ಯ ಅಲ್ಲ ಅವರು. ಒಬ್ಬ ಮನುಷ್ಯ ಯಾಕೆ ಜೀವ ಬಿಟ್ಟ ಅಂತ ದೂರದಲ್ಲಿ ಕೂತು ಬರೆಯುವ ಅಹಂಕಾರ ನನಗಿಲ್ಲ. ಆದರೆ ಕೇಳಬೇಕಾದ ಪ್ರಶ್ನೆಗಳು ಯಾವುವು ಅಂತ ಗೊತ್ತು. ಕರಾರು ಏನಿತ್ತು? ತಿಂಗಳಿಗೆ ಎಷ್ಟು ಕೊಡುತ್ತಿದ್ದರು? ಬರೆದ ಚಿತ್ರ ಯಾರದು? ಬೇಡ, ಊರಿಗೆ ಹೋಗ್ತೀನಿ ಅಂದರೆ ಹೋಗುವ ದಾರಿ ಇತ್ತೆ? ಇವು ಪರದೇಶಕ್ಕೆ ದುಡಿಯಲು ಹೋದ ಯಾವ ಕೂಲಿಯ ಬಗ್ಗೆಯೂ ಕೇಳುವ ಪ್ರಶ್ನೆಗಳು. ಗಾರೆ ಕೆಲಸದವನು ಸತ್ತಿದ್ದರೆ ಕೇಳುತ್ತಿದ್ದೆವು. ಕಲಾವಿದ ಅಂದ ಕೂಡಲೆ ಸಂಬಳದ ಮಾತು ಅಸಹ್ಯವಾಗಿ, ಹೂವಿನ ಮಾತು ಬಂತು. ಆ ಮ್ಯೂಸಿಯಂ ಒಂದರ ಮೇಲೆ ಗೂಬೆ ಕೂರಿಸಿ ಮುಗಿಸುವ ವಿಷಯವೂ ಇದಲ್ಲ. ಕಳಿಸಿಕೊಟ್ಟ ವ್ಯವಸ್ಥೆ ಇದೆ, ಚಿತ್ರ ತೂಗುಹಾಕಿ ಹೆಮ್ಮೆಪಟ್ಟ ರಾಜ್ಯ ಇದೆ. ಪಟ್ಟಣದ ಹೆಸರಾಂತ ಕಲಾವಿದನೊಬ್ಬನನ್ನು ತಿಂಗಳ ಲೆಕ್ಕದಲ್ಲಿ ಚಿತ್ರ ಬರೆದುಕೊಡು ಅಂತ ಕರೆಯುವ ಧೈರ್ಯ ಯಾರಿಗಿದೆ?

ಅವರು ಹೋದ ಮೇಲೆ ಬೆಲೆ ಏರಿತು. 1988ರಲ್ಲಿ ಬರೆದ, ಜೇಡ ಇರುವ ಒಂದು ಚಿತ್ರ 2010ರಲ್ಲಿ ನ್ಯೂಯಾರ್ಕಿನ ಸದಬೀಸ್ ಹರಾಜಿನಲ್ಲಿ 31,250 ಡಾಲರಿಗೆ ಹೋಯಿತು. ಅವರ ಕೃತಿಗಳ ಒಂದು ದೊಡ್ಡ ಸಂಗ್ರಹ ಈಗ ನಮ್ಮ ಬೆಂಗಳೂರಿನಲ್ಲೇ, ಕಸ್ತೂರಬಾ ರಸ್ತೆಯ ಕಲೆ ಮತ್ತು ಛಾಯಾಚಿತ್ರ ಮ್ಯೂಸಿಯಂನಲ್ಲಿದೆ. ಆ ಸಂಗ್ರಹವನ್ನು ಮುಂದಿಟ್ಟುಕೊಂಡು ಕಲಾ ವಿದ್ವಾಂಸ ಜ್ಯೋತೀಂದ್ರ ಜೈನ್ ಜನಗಢ್ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಬೆಂಗಳೂರಿಗೆ ಹೋಗುವ ಹಳ್ಳಿ ಮೇಷ್ಟರುಗಳು ಮಕ್ಕಳನ್ನು ಕರೆದುಕೊಂಡು ಹೋಗಿ ಜನಗಢ್ ಚಿತ್ರ ತೋರಿಸಿ ಅಂತ ಕೇಳಿ ನೋಡಬೇಕು. ಹೂಜಿ, ಮಾವಿನಹಣ್ಣು, ಎರಡು ಗುಡ್ಡದ ನಡುವೆ ಸೂರ್ಯ, ಇಷ್ಟನ್ನೇ ಚಿತ್ರ ಅಂತ ಕಲಿಸಿಕೊಂಡ ಮಕ್ಕಳು ಒಂದು ಏಡಿ ಅಷ್ಟು ದೊಡ್ಡದಾಗಿ ಬರಬಹುದು ಅಂತ ನೋಡಲಿ. ಚಿತ್ರದ ಪಕ್ಕದ ಚೀಟಿಯನ್ನೂ ಓದಿಸಿ. ಅದರಲ್ಲಿ ಬರೆದವರ ಹೆಸರು ಇದೆ.

ಜನಗಢ್ ಮಾಡದೆ ಬಿಟ್ಟದ್ದನ್ನು ಅವರ ಶಿಷ್ಯರು ಮಾಡಿದರು. 2004ರಲ್ಲಿ ಭಜ್ಜು ಶ್ಯಾಮ್ ಒಂದು ಪುಸ್ತಕ ಬರೆದರು. ಲಂಡನ್ನಿನ ಹೋಟೆಲೊಂದರ ಗೋಡೆಗೆ ಚಿತ್ರ ಬರೆಯಲು ಹೋಗಿದ್ದವರು, ಆ ಊರನ್ನೇ ಒಂದು ಕಾಡಿನ ಹಾಗೆ ಬರೆದು ತಂದರು. ನಮ್ಮನ್ನು ನೋಡಲು ಬರುತ್ತಿದ್ದವರನ್ನು ಇವರು ತಿರುಗಿ ನೋಡಿದರು. 2011ರಲ್ಲಿ 'ಭೀಮಾಯಣ' ಬಂತು. ನವಯಾನ ಪ್ರಕಾಶನದ ಪುಸ್ತಕ. ಶ್ರೀವಿದ್ಯಾ ನಟರಾಜನ್ ಮತ್ತು ಎಸ್. ಆನಂದ್ ಅವರ ಬರಹ, ದುರ್ಗಾಬಾಯಿ ಮತ್ತು ಸುಭಾಷ್ ವ್ಯಾಮ್ ಅವರ ಚಿತ್ರ. ಬಾಬಾಸಾಹೇಬರಿಗೆ ಶಾಲೆಯಲ್ಲಿ ನೀರು ಸಿಗದ ಕತೆ, ಬಾಲಕನಾಗಿ ಗೋರೆಗಾಂವ್‌ಗೆ ಹೊರಟಾಗ ಗಾಡಿಯವನು ಮುಟ್ಟಿಸಿಕೊಳ್ಳದ ಕತೆ, ಬರೋಡಾದಲ್ಲಿ ಮಲಗಲು ಸೂರು ಸಿಗದ ಕತೆ. ಎಮ್ಮೆ ಮೇಯಿಸುತ್ತಿದ್ದ ಹುಡುಗ ಕಟ್ಟಿದ ಚುಕ್ಕಿಗೆರೆ ಇಲ್ಲಿ ನೀರಾಗಿದೆ, ನೀರಿನೊಳಗಿನ ಮೀನಾಗಿದೆ, ಬಾಯಾರಿದ ಮೈಯಾಗಿದೆ. ರೈಲು ಹಾವಾಗಿದೆ. ಮೆತ್ತಗೆ ಮಾತಾಡುವವರ ಮಾತು ಹಕ್ಕಿಯ ಆಕಾರದೊಳಗೆ ಕೂತಿದೆ. ಹೋಗೋ ಆಚೆಗೆ ಅನ್ನುವವರ ಮಾತಿಗೆ ಮಾತ್ರ ಕೆಳಗೆ ಚೇಳಿನ ಕೊಂಡಿ ಇದೆ. ಕಾಮಿಕ್ ಪುಸ್ತಕದ ಚೌಕಗಳು ಇದರಲ್ಲಿಲ್ಲ. ಮನುಷ್ಯರನ್ನು ಪೆಟ್ಟಿಗೆಯೊಳಗೆ ಕೂಡಿಹಾಕಲು ಆಗದು, ಅವರಿಗೆ ಉಸಿರಾಡಲು ಜಾಗ ಬೇಕು ಅಂತ ವ್ಯಾಮ್ ದಂಪತಿಗಳು ಪಟ್ಟು ಹಿಡಿದರು. ಪುಟವನ್ನು ಭಾಗ ಮಾಡಬೇಕಾದ ಕಡೆ ಡಿಗ್ನಾ ಎಳೆದರು, ನೆಲ ಸಾರಿಸಿದ ಮೇಲೆ ಮನೆಯ ಹೆಂಗಸರು ಎಳೆಯುವ ಅದೇ ಡಿಗ್ನಾ.